ಅಪ್ಪನ ಕೆಲಸ, ಮಗನ ಸೀಟು

ಹೋದ ತಿಂಗಳು ಮೆಸ್‌ನಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಜಗಳ ಆಯ್ತು. ಜಗಳ ಅಂದರೆ ತಟ್ಟೆ ಎಸೆಯೋ ಥರದ್ದಲ್ಲ, ಅನ್ನ ತಣ್ಣಗಾಗಿ ಗಂಟು ಕಟ್ಟೋವರೆಗೂ ಎಳೆದಾಡಿದ ಜಗಳ. ನನ್ನ ರೂಮ್‌ಮೇಟ್ ಎನ್‌ಬಿಎ ಹುಚ್ಚ. ಬೆಳಗಿನ ಜಾವ ಎದ್ದು ಮ್ಯಾಚ್ ನೋಡ್ತಾನೆ, ಎಂಟೂವರೆ ಕ್ಲಾಸಿಗೆ ಮಾತ್ರ ಏಳಲ್ಲ. ಅವತ್ತು ಕ್ಲೀವ್‌ಲ್ಯಾಂಡ್ ತಂಡದ ಇವಾನ್ ಮೊಬ್ಲಿ ಬಗ್ಗೆ ಮಾತು ಬಂತು.

"ಅವ್ನು ಕಾಲೇಜ್ ಸೇರಿದ್ದು ಹೆಂಗೆ ಗೊತ್ತಾ? ಮೊದ್ಲು ಅವರಪ್ಪಂಗೆ ಕಾಲೇಜಿನೋರು ಕೆಲ್ಸ ಕೊಟ್ರು. ಅಪ್ಪನ್ನ ಕೊಂಡ್ಕೊಂಡ್ರು, ಮಗ ಫ್ರೀ ಬಂದ. ಸೀದಾ ಲಂಚ ಕಣೋ ಅದು" ಅಂದ.

ಅವತ್ತು ನಾನೂ ಹೌದು ಅಂದೆ. ಆಮೇಲೆ ಯಾಕೋ ಕೊರೀತಾ ಇತ್ತು. ಇಂಟರ್ನಲ್ಸ್ ಹತ್ತಿರ ಇದ್ದಾಗ ಓದಬೇಕಾದ್ದು ಬಿಟ್ಟು ಉಳಿದದ್ದೆಲ್ಲ ಓದೋ ಅಭ್ಯಾಸ ನಮಗೆಲ್ಲ ಇದ್ದದ್ದೇ, ಹಾಗೆ ಇದನ್ನೂ ಓದಿಕೊಂಡು ಕೂತೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಮೆಸ್‌ನಲ್ಲಿ ಹೇಳೋಕೆ ಹೋದರೆ ಅವನು ಮಾತಾಡೋಕೆ ಬಿಡಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅನ್ನೋದು ನಮ್ಮ ವಿಟಿಯು ಟೂರ್ನಮೆಂಟ್ ಥರ ಅಲ್ಲ. ಎನ್‌ಸಿಎಎ ಅನ್ನುವ ಸಂಸ್ಥೆಯ ಅಡಿಯಲ್ಲಿ ಮೊದಲ ದರ್ಜೆಯಲ್ಲೇ 350ಕ್ಕೂ ಹೆಚ್ಚು ಕಾಲೇಜುಗಳ ತಂಡಗಳಿವೆ. ಪ್ರತಿ ಮಾರ್ಚ್‌ನಲ್ಲಿ 68 ತಂಡಗಳ ನಾಕ್‌ಔಟ್ ಪಂದ್ಯಾವಳಿ ನಡೆಯುತ್ತೆ, ಅದರ ಟಿವಿ ಹಕ್ಕಿನಿಂದ ಬರುವ ದುಡ್ಡು ಲೆಕ್ಕ ಹಾಕಲಾರದಷ್ಟು. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ತಗೊಳ್ಳೋರ ಪೈಕಿ ಅತಿ ಹೆಚ್ಚು ಸಂಬಳ ಇರೋದು ರಾಜ್ಯಪಾಲರಿಗಲ್ಲ, ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್‌ಗೆ. ನಾವು ಕಾಲೇಜಿಗೆ ಬಂದಿದ್ದು ರ‍್ಯಾಂಕ್ ಹಿಡಿದುಕೊಂಡು, ಕಾಲೇಜು ನಮ್ಮನ್ನ ಹುಡುಕಿಕೊಂಡು ಬರಲಿಲ್ಲ. ಅಲ್ಲಿ ಉಲ್ಟಾ. ಹುಡುಗನಿಗೆ ಹದಿನೈದು ಹದಿನಾರು ಆಗುತ್ತಲೇ ಕೋಚ್‌ಗಳು ಬೆನ್ನು ಹತ್ತುತ್ತಾರೆ. ಮನೆಗೆ ಬಂದು ಸೋಫಾ ಮೇಲೆ ಕೂತು ಅಪ್ಪ ಅಮ್ಮನ ಜೊತೆ ಮಾತಾಡ್ತಾರೆ, ಹೆಣ್ಣು ನೋಡೋಕೆ ಬಂದ ಹಾಗೆ. ಇದೇ ರಿಕ್ರೂಟಿಂಗ್.

ಅಂದರೆ ಮೊದಲಿನಿಂದಲೂ ಅದು ಇಬ್ಬರ ನಡುವಿನ ವ್ಯವಹಾರ ಅಲ್ಲವೇ ಅಲ್ಲ. ಒಂದು ಕಡೆ ಇಪ್ಪತ್ತು ವರ್ಷದಿಂದ ಇದನ್ನೇ ಕಸುಬು ಮಾಡಿಕೊಂಡ ಕೋಚ್. ಇನ್ನೊಂದು ಕಡೆ ಹದಿನೇಳು ವರ್ಷದ ಹುಡುಗ, ಅವನ ಹಿಂದೆ ಮನೆ. ಆ ಮನೆಯನ್ನ ತೆಗೆದುಬಿಟ್ಟು ಹುಡುಗ "ಸ್ವತಂತ್ರವಾಗಿ" ನಿರ್ಧಾರ ಮಾಡಲಿ ಅನ್ನೋರು ಆ ಸೋಫಾ ಮೇಲೆ ಯಾರ ಪಕ್ಕ ಕೂತಿದ್ದಾರೆ ಅಂತ ಯೋಚನೆ ಮಾಡಬೇಕು.

ಮೊಬ್ಲಿ ಕತೆ ನಿಜ. 2018ರಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯದ ಕೋಚ್ ಆ್ಯಂಡಿ ಎನ್‌ಫೀಲ್ಡ್, ಎರಿಕ್ ಮೊಬ್ಲಿಯನ್ನ ಸಹಾಯಕ ಕೋಚ್ ಆಗಿ ತಗೊಂಡ. ಎರಿಕ್‌ನ ದೊಡ್ಡ ಮಗ ಐಸಾಯ, ಚಿಕ್ಕ ಮಗ ಇವಾನ್, ಇಬ್ಬರೂ ಅದೇ ಕಾಲೇಜಿಗೆ ಬಂದರು. 2021ರಲ್ಲಿ ಅಣ್ಣ ತಮ್ಮ ಸೇರಿ ತಂಡವನ್ನ ಕೊನೆಯ ಎಂಟರವರೆಗೆ ಕರಕೊಂಡು ಹೋದರು. ಆ ವರ್ಷದ ಡ್ರಾಫ್ಟ್‌ನಲ್ಲಿ ಇವಾನ್ ಮೂರನೆಯವನಾಗಿ ಆಯ್ಕೆಯಾದ. ಇದರಲ್ಲಿ ಮೋಸ ಎಲ್ಲಿದೆ ಅಂತ ಹುಡುಕಿದರೆ, ಎರಿಕ್ ಮೊಬ್ಲಿ ಏನೂ ಗೊತ್ತಿಲ್ಲದ ಮನುಷ್ಯನಲ್ಲ, ವರ್ಷಗಟ್ಟಲೆ ಹುಡುಗರ ತಂಡಗಳಿಗೆ ಕೋಚಿಂಗ್ ಮಾಡಿದವ. ಅವನಿಗೆ ಕೆಲಸ ಸಿಕ್ಕಿದ್ದು ಮಕ್ಕಳಿಂದಲೇನಾ? ಬಹುಶಃ ಹೌದು. ಕೆಲಸ ಬರುತ್ತಿರಲಿಲ್ಲವಾ? ಬರುತ್ತಿತ್ತು. ಎರಡೂ ಒಟ್ಟಿಗೇ ನಿಜ ಆಗಬಹುದು. ನನ್ನ ರೂಮ್‌ಮೇಟ್‌ಗೆ ಇದೇ ಅರ್ಥ ಆಗದ್ದು.

ಈ ಪದ್ಧತಿ ಹೊಸದೂ ಅಲ್ಲ. 1983ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯಕ್ಕೆ ಲ್ಯಾರಿ ಬ್ರೌನ್ ಕೋಚ್ ಆಗಿ ಬಂದ. ಬಂದವನೇ ಎಡ್ ಮ್ಯಾನಿಂಗ್ ಅನ್ನುವವನನ್ನ ಸಹಾಯಕನಾಗಿ ನೇಮಿಸಿದ. ಎಡ್ ಆಗ ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಲಾರಿ ಓಡಿಸುತ್ತಿದ್ದ. ಪತ್ರಿಕೆಗಳವರು ನಕ್ಕರು, ಯಾಕೆಂದರೆ ಅವನ ಮಗ ಡ್ಯಾನಿ ದೇಶದ ಅತ್ಯುತ್ತಮ ಹೈಸ್ಕೂಲ್ ಆಟಗಾರರಲ್ಲಿ ಒಬ್ಬ, ಎಲ್ಲರೂ ಅವನು ನಾರ್ತ್ ಕೆರೊಲಿನಾದಲ್ಲೇ ಯಾವುದಾದರೂ ಕಾಲೇಜು ಸೇರುತ್ತಾನೆ ಅಂದುಕೊಂಡಿದ್ದರು. "ಲಾರಿ ಡ್ರೈವರ್" ಅನ್ನೋ ಪದ ಎಲ್ಲರ ಬಾಯಲ್ಲೂ ಬಂತು. ಆದರೆ ಅದೇ ಲಾರಿ ಡ್ರೈವರ್ ಮೊದಲು ವೃತ್ತಿಪರ ಆಟಗಾರನಾಗಿದ್ದ, ಬ್ರೌನ್ ಕೋಚ್ ಆಗಿದ್ದ ತಂಡದಲ್ಲೇ ಆಡಿದ್ದ ಅನ್ನೋದನ್ನ ಅಷ್ಟು ಜೋರಾಗಿ ಯಾರೂ ಹೇಳಲಿಲ್ಲ. 1988ರಲ್ಲಿ ಹನ್ನೊಂದು ಪಂದ್ಯ ಸೋತು ಬಂದಿದ್ದ ಕನ್ಸಾಸ್ ರಾಷ್ಟ್ರೀಯ ಚಾಂಪಿಯನ್ ಆಯ್ತು. ಫೈನಲ್‌ನಲ್ಲಿ ಓಕ್ಲಹೋಮಾ ವಿರುದ್ಧ 83-79. ಡ್ಯಾನಿ ಒಬ್ಬನೇ 31 ಪಾಯಿಂಟ್, 18 ರಿಬೌಂಡ್. ಮಗ ಎನ್‌ಬಿಎಗೆ ಹೋದ. ಬ್ರೌನ್ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡಕ್ಕೆ ಹೋಗುವಾಗ ಎಡ್‌ನನ್ನೂ ಜೊತೆಗೇ ಕರಕೊಂಡು ಹೋದ. ಮಗನನ್ನ ಸೆಳೆಯೋಕೆ ಮಾತ್ರ ಅಪ್ಪ ಬೇಕಾಗಿದ್ದರೆ ಅಲ್ಲಿಗೆ ಕೈಬಿಡಬಹುದಿತ್ತಲ್ಲ?

ಮುಂದಿನ ವರ್ಷ ಎನ್‌ಸಿಎಎ ಕನ್ಸಾಸ್ ಮೇಲೆ ನಿಷೇಧ ಹಾಕಿತು, ಗೆದ್ದ ತಂಡ ಪಟ್ಟ ಉಳಿಸಿಕೊಳ್ಳಲು ಆಡುವಂತೆಯೇ ಇರಲಿಲ್ಲ. ಆದರೆ ಅದಕ್ಕೆ ಕಾರಣ ಎಡ್ ಮ್ಯಾನಿಂಗ್ ಅಲ್ಲ, ಬೇರೊಬ್ಬ ಆಟಗಾರನ ರಿಕ್ರೂಟಿಂಗ್.

ನನಗೆ ತುಂಬ ಇಷ್ಟವಾದ ಉದಾಹರಣೆ ಸರಿಯಾಗಿ ಇಪ್ಪತ್ತು ವರ್ಷ ಆದಮೇಲಿನದ್ದು. 2008ರ ಫೈನಲ್, ಮತ್ತೆ ಕನ್ಸಾಸ್, ಎದುರಿಗೆ ಮೆಂಫಿಸ್. ಎರಡು ನಿಮಿಷ ಚಿಲ್ಲರೆ ಬಾಕಿ ಇರುವಾಗ ಮೆಂಫಿಸ್ ಒಂಬತ್ತು ಪಾಯಿಂಟ್ ಮುಂದಿತ್ತು. ಕೊನೆಯ ಕ್ಷಣದಲ್ಲಿ ಮಾರಿಯೋ ಚಾಮರ್ಸ್ ಹಾಕಿದ ತ್ರೀ-ಪಾಯಿಂಟರ್‌ನಿಂದ ಸ್ಕೋರ್ ಸಮ ಆಯ್ತು, ಓವರ್‌ಟೈಮ್‌ನಲ್ಲಿ ಕನ್ಸಾಸ್ 75-68ರಿಂದ ಗೆದ್ದಿತು. ಯೂಟ್ಯೂಬ್‌ನಲ್ಲಿ ಇದೆ, ನೋಡಿ. ಈಗ ಎರಡೂ ಬೆಂಚ್ ಕಡೆ ಒಮ್ಮೆ ನೋಡೋಣ. ಕನ್ಸಾಸ್ ಬೆಂಚ್‌ನಲ್ಲಿ ಮಾರಿಯೋನ ಅಪ್ಪ ರಾನಿ ಚಾಮರ್ಸ್ ಇದ್ದ. ಅಲಾಸ್ಕಾದಲ್ಲಿ ಮಗನಿಗೆ ಹೈಸ್ಕೂಲ್ ಕೋಚ್ ಆಗಿದ್ದವನು, ಇಲ್ಲಿ ತಂಡದ ಆಡಳಿತ ನೋಡಿಕೊಳ್ಳುವ ಸಂಬಳದ ಹುದ್ದೆಯಲ್ಲಿದ್ದ. ಮಗ ಕಾಲೇಜು ಬಿಟ್ಟ ವರ್ಷವೇ ಅಪ್ಪನೂ ಆ ಕೆಲಸ ಬಿಟ್ಟ. ಮೆಂಫಿಸ್‌ನ ತಾರೆ ಡೆರಿಕ್ ರೋಸ್. ರೋಸ್‌ನ ಅಣ್ಣ ತಂಡದ ಜೊತೆ ವಿಮಾನದಲ್ಲಿ ಹೋಗಿದ್ದ, ಕೆಲವು ಪ್ರಯಾಣದ ದುಡ್ಡು ಕೊಟ್ಟಿರಲಿಲ್ಲ. ರೋಸ್‌ನ ಪ್ರವೇಶ ಪರೀಕ್ಷೆಯ ಅಂಕ ಅಸಿಂಧು ಆಗಿದ್ದರ ಜೊತೆಗೆ ಈ ಪ್ರಯಾಣವೂ ಎನ್‌ಸಿಎಎ ತೀರ್ಪಿನಲ್ಲಿ ಸೇರಿಕೊಂಡಿತು. ಮೆಂಫಿಸ್‌ನ ಆ ಸೀಸನ್‌ನ 38 ಗೆಲುವೂ ದಾಖಲೆಯಿಂದ ಅಳಿಸಿಹೋದವು.

ಒಂದೇ ಫೈನಲ್. ಒಂದು ಕಡೆ ಅಪ್ಪನಿಗೆ ತಿಂಗಳ ಸಂಬಳ, ಅದು ಕಾನೂನುಬದ್ಧ. ಇನ್ನೊಂದು ಕಡೆ ಅಣ್ಣನಿಗೆ ವಿಮಾನದಲ್ಲೊಂದು ಸೀಟು, ಅದು ಅಪರಾಧ. ಅಂಕದ ವಿಚಾರ ಬೇರೆ, ಅದನ್ನ ನಾನು ಸಮರ್ಥಿಸ್ತಿಲ್ಲ. ಆದರೆ ಈ ಎರಡನ್ನ ಪಕ್ಕಪಕ್ಕ ಇಟ್ಟು ನೋಡಿದರೆ, ನಿಯಮ ನೋಡ್ತಾ ಇದ್ದದ್ದು ಸಂಬಂಧವನ್ನಲ್ಲ, ಬರೀ ರಸೀದಿಯನ್ನ ಅನ್ನೋದು ಗೊತ್ತಾಗುತ್ತೆ.

ಆಮೇಲೆ 2010ರ ಹೊತ್ತಿಗೆ ಎನ್‌ಸಿಎಎ ಒಂದು ಬಾಗಿಲು ಮುಚ್ಚಿತು. ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹುಡುಗ ಸೇರುವ ಎರಡು ವರ್ಷ ಮೊದಲು, ಸೇರಿದ ಎರಡು ವರ್ಷ ನಂತರ, ಅವನಿಗೆ ಸಂಬಂಧಪಟ್ಟವರನ್ನ ಕೋಚಿಂಗ್ ಅಲ್ಲದ ಹುದ್ದೆಗೆ ತೆಗೆದುಕೊಳ್ಳುವಂತಿಲ್ಲ. ಅಂದರೆ ರಾನಿ ಚಾಮರ್ಸ್‌ಗೆ ಸಿಕ್ಕಂಥ ಕೆಲಸ ಇನ್ನು ಸಿಗಲ್ಲ. ಆದರೆ ನಿಜವಾದ ಸಹಾಯಕ ಕೋಚ್ ಆಗಿ ತಗೋಬಹುದು. ಅಂಥ ಹುದ್ದೆ ಆಗ ಒಂದು ತಂಡಕ್ಕೆ ಇದ್ದದ್ದು ಮೂರೇ, 2023ರಲ್ಲಷ್ಟೇ ಇನ್ನೆರಡು ಸೇರಿಸಿದರು. ಮೂರರಲ್ಲಿ ಒಂದನ್ನ ಕೊಡಬೇಕು ಅಂದರೆ ಕೋಚ್‌ಗೂ ಕೈ ಸುಡುತ್ತೆ. ಈ ನಿಯಮ ನನಗೆ ಬುದ್ಧಿವಂತಿಕೆಯದ್ದು ಅನ್ನಿಸ್ತು. ಸಂಬಂಧವನ್ನ ನಿಷೇಧಿಸಲಿಲ್ಲ, ಅದನ್ನ ದುಬಾರಿ ಮಾಡಿತು.

ಇಲ್ಲಿ ರೂಮ್‌ಮೇಟ್‌ನ ಒಂದು ಪಾಯಿಂಟ್ ಒಪ್ಪಲೇಬೇಕು. ಈ ದಾರಿ ತೆರೆದಿರೋದು ಆಟ ಗೊತ್ತಿರೋ ಅಪ್ಪ ಅಥವಾ ಅಣ್ಣ ಇದ್ದವರಿಗೆ ಮಾತ್ರ. ಅಪ್ಪ ಇಲ್ಲದೆ, ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡ್ತಾ ಒಬ್ಬಳೇ ಮಗನನ್ನ ಬೆಳೆಸಿದ ಅಮ್ಮನನ್ನ ಯಾವ ಕೋಚೂ ಸಹಾಯಕಿಯಾಗಿ ನೇಮಿಸಲ್ಲ. ಅವಳ ಮಗ ಎಷ್ಟೇ ಚೆನ್ನಾಗಿ ಆಡಲಿ, ಅವಳಿಗೆ ಸಿಗೋದು ಒಂದು ಕಾಲೇಜ್ ಟಿ-ಶರ್ಟು, ಗ್ಯಾಲರಿಯಲ್ಲೊಂದು ಜಾಗ. ಆ ಮೂರನೇ ಹುದ್ದೆಗೆ ಕಾಯ್ತಿದ್ದ ಯಾವನೋ ಬಡ ಜೂನಿಯರ್ ಕೋಚ್ ಬೇರೆ ಇದ್ದಾನೆ, ಅವನಿಗೆ ಎನ್‌ಬಿಎಗೆ ಹೋಗೋ ಮಗ ಇಲ್ಲ.

ಹಾಗಾದರೆ ನನ್ನ ತಕರಾರು ಏನು? ಮನೆಯವರ ಮಾತು ಕೇಳಿ ಕಾಲೇಜು ಆರಿಸೋದು ತಪ್ಪು ಅಂತ ನನಗೆ ಅನ್ನಿಸಲ್ಲ. ನಾನು ಕೇಳೋ ಪ್ರಶ್ನೆ ಬೇರೆ: ಆಯ್ಕೆ ಕೈಕೊಟ್ಟರೆ ನಷ್ಟ ಯಾರಿಗೆ? ಅಪ್ಪನೂ ಜೊತೆಗೆ ಮುಳುಗ್ತಾನಾ, ದಡದಲ್ಲಿ ನಿಂತಿರ್ತಾನಾ?

ಪೀಟ್ ಮಾರವಿಚ್ ಹೆಸರು ಕೇಳಿರಬಹುದು. 1966ರಲ್ಲಿ ಅವನ ಅಪ್ಪ ಪ್ರೆಸ್ ಮಾರವಿಚ್‌ಗೆ ಲೂಸಿಯಾನಾದ ಎಲ್‌ಎಸ್‌ಯುನಲ್ಲಿ ಮುಖ್ಯ ಕೋಚ್ ಕೆಲಸ ಸಿಕ್ಕಿತು. ಪೀಟ್‌ಗೆ ವೆಸ್ಟ್ ವರ್ಜೀನಿಯಾಕ್ಕೆ ಹೋಗುವ ಆಸೆ. ನನ್ನ ಜೊತೆ ಬರದಿದ್ದರೆ ಮನೆಗೇ ಬರಬೇಡ ಅಂತ ಅಪ್ಪ ಹೇಳಿದ ಅನ್ನೋ ಮಾತು ಬಹಳ ಪ್ರಚಾರದಲ್ಲಿದೆ. ಮಗ ಹೋದ. ಆಮೇಲೆ ಆದದ್ದು ಇತಿಹಾಸ: ಮೂರು ಸೀಸನ್, ಪಂದ್ಯಕ್ಕೆ ಸರಾಸರಿ 44.2 ಪಾಯಿಂಟ್, ಒಟ್ಟು 3,667. ಆಗ ತ್ರೀ-ಪಾಯಿಂಟ್ ಗೆರೆಯೇ ಇರಲಿಲ್ಲ, ಮೊದಲ ವರ್ಷದವರನ್ನ ಮುಖ್ಯ ತಂಡದಲ್ಲಿ ಆಡಿಸುತ್ತಲೂ ಇರಲಿಲ್ಲ. ಇಷ್ಟೆಲ್ಲ ಹಾಕಿಯೂ ಎಲ್‌ಎಸ್‌ಯು ಒಮ್ಮೆಯೂ ಎನ್‌ಸಿಎಎ ಪಂದ್ಯಾವಳಿಗೆ ಹೋಗಲಿಲ್ಲ. ಆ ಸರಾಸರಿಯನ್ನ ಎಲ್ಲರೂ ಹೊಗಳ್ತಾರೆ. ನನಗೆ ಅದನ್ನ ಓದಿದಾಗೆಲ್ಲ ಅಪ್ಪನ ಕೆಲಸ ಉಳಿಸೋಕೆ ಒಬ್ಬ ಹುಡುಗ ಎಷ್ಟು ಸಲ ಬಾಲ್ ಎಸೆದ ಅನ್ನೋ ಲೆಕ್ಕವೇ ಕಣ್ಣಿಗೆ ಬರುತ್ತೆ. ಇರಲಿ, ಅವನಿಗೆ ಅಪ್ಪನ ಮೇಲೆ ಪ್ರೀತಿ ಇತ್ತು, ಕಾಯಿಲೆ ಬಿದ್ದ ಅಪ್ಪನನ್ನ ಕೊನೆಗಾಲದಲ್ಲಿ ನೋಡಿಕೊಂಡ. 1987ರಲ್ಲಿ ಅಪ್ಪ ಹೋದ, ಒಂಬತ್ತು ತಿಂಗಳಿಗೆ, 40ನೇ ವಯಸ್ಸಿನಲ್ಲಿ, ಮಗನೂ ಹೋದ. ಇಂಥವರ ಬಗ್ಗೆ ತೀರ್ಪು ಕೊಡೋಕೆ ನಾನ್ಯಾರು.

ಆ 3,667ಕ್ಕೆ ಇನ್ನೊಂದು ಬಾಲ ಇದೆ. 2023ರಲ್ಲಿ ಡೆಟ್ರಾಯ್ಟ್ ಮರ್ಸಿ ಕಾಲೇಜಿನ ಆಂಟ್ವಾನ್ ಡೇವಿಸ್ ಅದರ ಹತ್ತಿರ ಬಂದು 3,664ಕ್ಕೆ ನಿಂತ. ಮೂರೇ ಮೂರು ಪಾಯಿಂಟ್ ಕಮ್ಮಿ! ಅವನಿಗೆ ಕೋಚ್ ಯಾರು? ಅವನಪ್ಪ ಮೈಕ್ ಡೇವಿಸ್. ಹಿಂದಿನ ವರ್ಷ ಬೇರೆ ಕಾಲೇಜಿಗೆ ಹೋಗೋಣ ಅಂತ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಕೊಟ್ಟು, ಮನಸ್ಸು ಬದಲಿಸಿ ಅಪ್ಪನ ಹತ್ತಿರವೇ ವಾಪಸ್ ಬಂದವನು. ಪೀಟ್‌ಗೂ ಇವನಿಗೂ ವ್ಯತ್ಯಾಸ ಅಲ್ಲೇ ಇದೆ. ಇವನು ಬಾಗಿಲು ದಾಟಿ ಹೊರಗೆ ನೋಡಿ ಬಂದ. ಕೊನೆಗೆ ಆ ಅಂಕಿಯನ್ನ ದಾಟಿದ್ದು ಒಬ್ಬಳು ಹುಡುಗಿ, 2024ರ ಮಾರ್ಚ್ 3ರಂದು, ಅಯೋವಾದ ಕೇಟ್ಲಿನ್ ಕ್ಲಾರ್ಕ್. ಅವಳದ್ದು ಕ್ಯಾಥೊಲಿಕ್ ಕುಟುಂಬ, ಮನೆಯವರ ಮನಸ್ಸೆಲ್ಲ ನೋಟರ್ ಡೇಮ್ ಕಡೆ. ಅವಳೂ ಒಮ್ಮೆ ಅಲ್ಲಿಗೇ ಹ್ಞೂಂ ಅಂದಿದ್ದಳು. ಆಮೇಲೆ ಹಿಂದೆ ಸರಿದು, ಮನೆಯಿಂದ ಸುಮಾರು ಎರಡು ಗಂಟೆ ದಾರಿಯ ಅಯೋವಾ ವಿಶ್ವವಿದ್ಯಾಲಯ ಸೇರಿದಳು. ಮನೆಯವರ ಮಾತು ಮೀರಿದ್ದು ನಿಜ, ಆದರೆ ಮೀರಿ ಹೋಗಿದ್ದು ಮನೆಗೇ ಹತ್ತಿರಕ್ಕೆ. ಒಟ್ಟು 3,951 ಪಾಯಿಂಟ್ ಹಾಕಿ ಹೊರಬಿದ್ದಳು.

ಅಪ್ಪನೇ ಆಗಬೇಕಂತಿಲ್ಲ. 1994ರ "ಹೂಪ್ ಡ್ರೀಮ್ಸ್" ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ, ಸುಮಾರು ಮೂರು ಗಂಟೆ ಇದೆ, ಆದರೂ ನೋಡಿ. ಶಿಕಾಗೋದ ವಿಲಿಯಂ ಗೇಟ್ಸ್ ಅನ್ನುವ ಹುಡುಗನ ಅಣ್ಣ ಒಂದು ಕಾಲದಲ್ಲಿ ಒಳ್ಳೇ ಆಟಗಾರ, ಅವನಿಗೆ ಕೈಗೂಡಲಿಲ್ಲ. ಈಗ ಅವನ ಪೂರ್ತಿ ಆಸೆ ತಮ್ಮನ ಹೆಗಲ ಮೇಲೆ. ಕೆಟ್ಟ ಅಣ್ಣ ಅಲ್ಲ, ಬೈಯೋನೂ ಅಲ್ಲ, ಸುಮ್ಮನೆ ಗ್ಯಾಲರಿಯಲ್ಲಿ ಕೂತು ನೋಡ್ತಾನೆ. ಆ ನೋಟ ಹೊತ್ತುಕೊಂಡು ತಮ್ಮ ಮಂಡಿ ನೋವಲ್ಲಿ ಓಡ್ತಾನೆ. ನಮ್ಮಲ್ಲಿ ಐಐಟಿ ಸಿಗದ ಅಣ್ಣಂದಿರ ತಮ್ಮಂದಿರು ಎಷ್ಟು ಜನ ಇದ್ದಾರೆ, ನಿಮ್ಮ ಕಾರಿಡಾರ್‌ನಲ್ಲೇ ಎಣಿಸಿ. ವಿಲಿಯಂ ಮಾರ್ಕೆಟ್ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಮೇಲೆ ಹೋದ, ಎನ್‌ಬಿಎ ತಲುಪಲಿಲ್ಲ.

ಇನ್ನು ನಿಜವಾದ ಲಂಚ ಹೇಗಿರುತ್ತೆ ಅಂತ ನೋಡಬೇಕಾದರೆ ಬ್ರಯನ್ ಬೋವೆನ್ ಕತೆ ಇದೆ. 2017ರಲ್ಲಿ ಎಫ್‌ಬಿಐ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಕತ್ತಲ ವ್ಯವಹಾರ ಬಯಲಿಗೆ ತಂದಿತು. ಮಗ ಲೂಯಿವಿಲ್ ಸೇರಿದರೆ ಅಪ್ಪನಿಗೆ 1 ಲಕ್ಷ ಡಾಲರ್ ಅನ್ನೋ ಒಪ್ಪಂದ, ದುಡ್ಡಿನ ಮೂಲ ಅಡಿಡಾಸ್ ಕಡೆಯವರು. 2018ರಲ್ಲಿ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ಅಪ್ಪ ಅತ್ತ. ಮಗನಿಗೆ ಇದೇನೂ ಗೊತ್ತಿರಲಿಲ್ಲ ಅಂದ. ಮಗ ಲೂಯಿವಿಲ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಸೌತ್ ಕೆರೊಲಿನಾಕ್ಕೆ ಹೋದ, ಅಲ್ಲೂ ಆಡಗೊಡಲಿಲ್ಲ. ಕೊನೆಗೆ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡಕ್ಕೆ ಹೋಗಬೇಕಾಯ್ತು. ಅಪ್ಪ ತಗೊಂಡ, ಮಗ ಕಟ್ಟಿದ. ಮೊಬ್ಲಿ, ಮ್ಯಾನಿಂಗ್ ಕತೆಗಳನ್ನ ಇದರ ಜೊತೆ ಒಂದೇ ತಕ್ಕಡಿಯಲ್ಲಿ ಹಾಕೋಕೆ ನನಗೆ ಮನಸ್ಸು ಬರಲ್ಲ. ಅಲ್ಲಿ ಅಪ್ಪ ದಿನಾ ಬೆಳಗ್ಗೆ ಅದೇ ಜಿಮ್‌ಗೆ ಹೋಗ್ತಿದ್ದ, ತಂಡ ಸೋತರೆ ಅವನ ಕೆಲಸಕ್ಕೂ ಕುತ್ತು.

ಆದರೆ ಕೆಲಸದ ಗಂಟು ಬಿಗಿಯಾಗಿದ್ದರೆ ಇನ್ನೊಂದು ಅಪಾಯ ಇದೆ. ಮೈಕಲ್ ಪೋರ್ಟರ್ ಜೂನಿಯರ್ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಕೊಂಡಿದ್ದ. ಅಲ್ಲಿನ ಕೋಚ್ ಲೊರೆಂಜೊ ರೋಮರ್ ಅವನ ಗಾಡ್‌ಫಾದರ್, 2016ರಲ್ಲಿ ಅಪ್ಪನಿಗೂ ಅಲ್ಲೇ ಸಹಾಯಕ ಕೋಚ್ ಕೆಲಸ. 2017ರ ಮಾರ್ಚ್‌ನಲ್ಲಿ ರೋಮರ್‌ನನ್ನ ತೆಗೆದುಹಾಕಿದರು. ಎಲ್ಲ ಕುಸಿಯಿತು. ಅಪ್ಪನಿಗೆ ಮಿಸ್ಸೂರಿಯಲ್ಲಿ ಕೆಲಸ ಸಿಕ್ಕಿತು, ಮಗ ಅಲ್ಲಿಗೆ ಬಂದ, ತಮ್ಮ ಹೈಸ್ಕೂಲ್ ಒಂದು ವರ್ಷ ಬೇಗ ಮುಗಿಸಿ ಅಲ್ಲಿಗೇ ಬಂದ. ಅಕ್ಕಂದಿರು ಆಗಲೇ ಅಲ್ಲಿ ಆಡುತ್ತಿದ್ದರು, ಮಹಿಳಾ ತಂಡದ ಕೋಚ್ ಅವರ ಚಿಕ್ಕಮ್ಮ. ನಮ್ಮೂರ ಸೊಸೈಟಿ ಎಲೆಕ್ಷನ್ ಪ್ಯಾನೆಲ್ ಥರ! ಮೊದಲ ಪಂದ್ಯದ ಎರಡೇ ನಿಮಿಷಕ್ಕೆ ಬೆನ್ನು ನೋವು, ಆಪರೇಷನ್, ಇಡೀ ಸೀಸನ್‌ನಲ್ಲಿ ಆಡಿದ್ದು ಮೂರು ಪಂದ್ಯ. ಡ್ರಾಫ್ಟ್‌ನಲ್ಲಿ 14ನೇ ಜಾಗಕ್ಕೆ ಜಾರಿದ. ಬೆನ್ನು ನೋವಿಗೆ ಕುಟುಂಬ ಕಾರಣ ಅಲ್ಲ, ಬಿಡಿ. ಆದರೆ ಆ ಹೊತ್ತಲ್ಲಿ ಒಬ್ಬಂಟಿಯಾಗಿ ಯಾವುದೋ ದೂರದ ಹಾಸ್ಟೆಲ್‌ನಲ್ಲಿ ಮಲಗಿರೋದಕ್ಕಿಂತ ಅಪ್ಪ, ಅಕ್ಕ, ತಮ್ಮ, ಚಿಕ್ಕಮ್ಮ ಒಂದೇ ಕ್ಯಾಂಪಸ್‌ನಲ್ಲಿ ಇದ್ದದ್ದು ಒಳ್ಳೆಯದಾಯ್ತಲ್ಲವಾ? ವೈರಲ್ ಫೀವರ್ ಬಂದು ಮೂರು ದಿನ ರೂಮಲ್ಲಿ ಬಿದ್ದಿದ್ದವರಿಗೆ ಇದನ್ನ ವಿವರಿಸಬೇಕಿಲ್ಲ.

ಕೇಡ್ ಕನಿಂಗ್‌ಹ್ಯಾಮ್ ಕತೆ ಇದಕ್ಕೆ ತದ್ವಿರುದ್ಧ. 2019ರಲ್ಲಿ ಓಕ್ಲಹೋಮಾ ಸ್ಟೇಟ್‌ನವರು ಅವನ ಅಣ್ಣ ಕ್ಯಾನೆನ್‌ನನ್ನ ಸಹಾಯಕ ಕೋಚ್ ಮಾಡಿಕೊಂಡರು, ಕೆಲವೇ ತಿಂಗಳಲ್ಲಿ ತಮ್ಮ ಒಪ್ಪಿಕೊಂಡ. (ಈ ಅಣ್ಣ ಕಾಲೇಜಿನಲ್ಲಿ ಆಡಿದ್ದು ಯಾರ ಕೈಕೆಳಗೆ ಗೊತ್ತಾ? ಮ್ಯಾನಿಂಗ್ ಕತೆಯ ಅದೇ ಲ್ಯಾರಿ ಬ್ರೌನ್!) 2020ರ ಜೂನ್‌ನಲ್ಲಿ, ಕೇಡ್ ಇನ್ನೂ ಒಂದು ಪಂದ್ಯ ಆಡುವ ಮೊದಲೇ, ಹಳೇ ಸಹಾಯಕ ಕೋಚ್‌ನ ಲಂಚದ ಪ್ರಕರಣಕ್ಕೆ ಎನ್‌ಸಿಎಎ ಆ ಕಾಲೇಜನ್ನ ಮುಂದಿನ ಪಂದ್ಯಾವಳಿಯಿಂದ ನಿಷೇಧಿಸಿತು. ಕೇಡ್ ಆಗ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಯಾವ ಕಾಲೇಜೂ ಇಲ್ಲ ಅನ್ನುತ್ತಿರಲಿಲ್ಲ. ಹೋಗಲಿಲ್ಲ. ಅಪೀಲಿನಿಂದ ನಿಷೇಧ ಮುಂದಕ್ಕೆ ಹೋಯ್ತು, 2021ರಲ್ಲಿ ತಂಡ ಪಂದ್ಯಾವಳಿಯಲ್ಲಿ ಆಡಿ ಎರಡನೇ ಸುತ್ತಿನಲ್ಲಿ ಸೋತಿತು, ಕೇಡ್ ಡ್ರಾಫ್ಟ್‌ನಲ್ಲಿ ಮೊದಲಿಗನಾದ. ಲಂಚ ಕೊಟ್ಟು ತಂದವನಾಗಿದ್ದರೆ ಜೂನ್‌ನಲ್ಲೇ ಗಂಟುಮೂಟೆ ಕಟ್ಟುತ್ತಿದ್ದ.

ಸಂಬಂಧ ಇದ್ದೂ ಕೆಲಸಕ್ಕೆ ಬರದ ಉದಾಹರಣೆಯೂ ಇದೆ. ಸ್ಟೀಫನ್ ಕರಿಯ ಅಪ್ಪ ಡೆಲ್ ಕರಿ, ವರ್ಜೀನಿಯಾ ಟೆಕ್‌ನ ದೊಡ್ಡ ಹೆಸರು, ಅವನ ಜೆರ್ಸಿಯನ್ನೇ ಅಲ್ಲಿ ತೂಗುಹಾಕಿದ್ದಾರೆ. ಮಗನಿಗೆ ಅದೇ ಕಾಲೇಜು ಸ್ಕಾಲರ್‌ಶಿಪ್ ಕೊಡಲಿಲ್ಲ, ಬೇಕಾದರೆ ಸುಮ್ಮನೆ ಬಂದು ಸೇರಿಕೋ ಅಂದರು. ಅವನು ಡೇವಿಡ್ಸನ್ ಅನ್ನೋ ಪುಟ್ಟ ಕಾಲೇಜಿಗೆ ಹೋದ. 2008ರಲ್ಲಿ ಕೊನೆಯ ಎಂಟರವರೆಗೆ ಬಂದು 59-57ರಲ್ಲಿ ಸೋತದ್ದು ಯಾರಿಗೆ? ಮಾರಿಯೋ ಚಾಮರ್ಸ್‌ನ ಕನ್ಸಾಸ್‌ಗೆ. ವರ್ಜೀನಿಯಾ ಟೆಕ್‌ನವರು ಅವತ್ತು ಮ್ಯಾಚ್ ನೋಡಿದರೋ ಇಲ್ಲವೋ.

ಈಗ ಕಾಲ ಬದಲಾಗಿದೆ. 2021ರ ಜುಲೈವರೆಗೂ ಆಟಗಾರ ತನ್ನ ಹೆಸರಿನಿಂದ ಒಂದು ಡಾಲರ್ ದುಡಿಯುವಂತಿರಲಿಲ್ಲ. ಕೋಟಿಗಟ್ಟಲೆ ವ್ಯವಹಾರದಲ್ಲಿ ಹುಡುಗನಿಗೆ ಮಾತ್ರ ದುಡ್ಡು ಕೊಡುವಂತಿಲ್ಲ, ಅವನಪ್ಪನಿಗೆ ಸಂಬಳ ಕೊಡಬಹುದು. ಆಗ ದುಡ್ಡು ಎಲ್ಲಿಗೆ ಹರಿಯುತ್ತೆ? ನಮ್ಮಲ್ಲಿ ಫಸ್ಟ್ ಇಯರ್ ಹುಡುಗನೂ ಹೇಳ್ತಾನೆ, ಕರೆಂಟ್ ರೆಸಿಸ್ಟೆನ್ಸ್ ಕಮ್ಮಿ ಇರೋ ಕಡೆ ಹೋಗುತ್ತೆ. ಅಪ್ಪಂದಿರನ್ನ ಬೈದವರು ಆ ಸರ್ಕ್ಯೂಟ್ ಹಾಕಿದವರನ್ನ ಬೈಯಲಿಲ್ಲ. ಈಗ ಜಾಹೀರಾತಿನ ದುಡ್ಡು ಸೀದಾ ಆಟಗಾರನಿಗೆ ಬರುತ್ತೆ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಒಂದೊಂದು ಕಾಲೇಜೂ ಮೊದಲ ವರ್ಷ ಎಲ್ಲ ಆಟಗಳ ಆಟಗಾರರಿಗೂ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು, ನಮ್ಮ ಲೆಕ್ಕದಲ್ಲಿ 170 ಕೋಟಿ ರೂಪಾಯಿಗೂ ಮೇಲೆ. ಅಪ್ಪನಿಗೆ ಕೆಲಸ ಕೊಡುವ ಅಗತ್ಯ ಇನ್ನು ಕಮ್ಮಿ ಆಗಬೇಕು. ನೈಟ್ ಡ್ಯೂಟಿ ಅಮ್ಮನ ಮಗನಿಗೂ ಒಂದಿಷ್ಟು ನ್ಯಾಯ ಸಿಗಬಹುದು.

ಹಾಗಂತ ಸಂಬಂಧ ಸಾಯಲಿಲ್ಲ. ಕಾರ್ಲೋಸ್ ಬೂಝರ್ 2001ರಲ್ಲಿ ಡ್ಯೂಕ್ ತಂಡದಲ್ಲಿ ಚಾಂಪಿಯನ್. ಅವನ ಅವಳಿ ಮಕ್ಕಳು ಕ್ಯಾಮರನ್ ಮತ್ತು ಕೇಡನ್ 2024ರ ಅಕ್ಟೋಬರ್‌ನಲ್ಲಿ ಅದೇ ಡ್ಯೂಕ್ ಆರಿಸಿಕೊಂಡರು. ಎಲ್ಲಿ ಹೋದರೂ ಬಾಚಿ ತಬ್ಬಿಕೊಳ್ಳುತ್ತಿದ್ದ ಹುಡುಗರು, ಅಪ್ಪನಿಗೆ ಯಾರೂ ಕೆಲಸ ಕೊಡಬೇಕಿರಲಿಲ್ಲ. ಈ ಅವಳಿಗಳು ಹುಟ್ಟಿದ್ದೇ ಒಂದು ಕುಟುಂಬದ ಕತೆ. ಅವರ ಅಣ್ಣನಿಗೆ ಸಿಕಲ್ ಸೆಲ್ ಕಾಯಿಲೆ, ಅವನಿಗೆ ಹೊಂದುವ ಕೋಶಗಳಿಗಾಗಿ ತಂದೆತಾಯಿ ಐವಿಎಫ್ ಮೂಲಕ ಮಗು ಪಡೆಯಲು ನಿರ್ಧರಿಸಿದರು, 2007ರಲ್ಲಿ ಅವಳಿ ಹುಟ್ಟಿದವು, ಅಣ್ಣ ಉಳಿದ. ಇಂಥ ಮನೆಯ ಮಕ್ಕಳಿಗೆ "ಕುಟುಂಬವನ್ನ ಪಕ್ಕಕ್ಕಿಟ್ಟು ನಿರ್ಧಾರ ಮಾಡಿ" ಅಂತ ಹೇಳೋಕೆ ಯಾರಿಗೆ ಬಾಯಿ ಬರುತ್ತೆ?

ಇದನ್ನೆಲ್ಲ ಓದ್ತಾ ನನಗೆ ನನ್ನದೇ ಆಪ್ಷನ್ ಎಂಟ್ರಿ ನೆನಪಾಯ್ತು. ಅವತ್ತು ಸೈಬರ್ ಸೆಂಟರ್‌ನಲ್ಲಿ ಕುರ್ಚಿ ಮೇಲೆ ಕೂತಿದ್ದವರು ನನ್ನ ಸೋದರಮಾವ, ನಾನು ಹಿಂದೆ ನಿಂತಿದ್ದೆ. ಕೋಡ್ ಅವರು ಹೇಳ್ತಿದ್ದರು, ಸೈಬರ್‌ನವನು ಟೈಪ್ ಮಾಡ್ತಿದ್ದ. ನನಗೆ ಮೆಕ್ಯಾನಿಕಲ್ ಇಷ್ಟ ಇತ್ತು. ಮಾವ ಕೆಟ್ಟವರಲ್ಲ, ಇವತ್ತಿಗೂ ಮೊದಲ ಸೆಮ್‌ನಿಂದ ನನ್ನ ಫೀಸಿನ ಅರ್ಧ ಅವರದ್ದೇ. ಎರಡನೇ ವರ್ಷ ಎರಡು ಬ್ಯಾಕ್ ಆದಾಗ ಬಸ್ ಹತ್ತಿ ಬಂದು ಹಾಸ್ಟೆಲ್ ಗೇಟಿನ ಹತ್ತಿರ ನಿಂತು, ಬೈಯದೆ, ಕಾಫಿ ಕುಡಿಸಿ ಹೋದರು. ಅವರ ಆಯ್ಕೆ ನನ್ನದಲ್ಲ ಅನ್ನೋ ಸಿಟ್ಟು ಇದೆ. ಅವರು ದಡದಲ್ಲಿ ನಿಂತಿಲ್ಲ ಅನ್ನೋದೂ ಗೊತ್ತು.

ಈ ಸಲ ಚಿಕ್ಕಪ್ಪನ ಮಗಳ ಸರದಿ. ಅವಳಿಗೆ ಸಿವಿಲ್ ಬೇಕು. ಚಿಕ್ಕಪ್ಪನಿಗೆ ಅವರ ಗೆಳೆಯರೊಬ್ಬರು ಪಾಠ ಮಾಡೋ ಕಾಲೇಜಿನಲ್ಲಿ ಸಿಎಸ್ ಬೇಕು. "ನಮ್ಮವರೊಬ್ಬರು ಇರ್ತಾರೆ ಕಣೋ, ನೋಡ್ಕೋತಾರೆ" ಅಂದರು ಫೋನಲ್ಲಿ.

"ಚಿಕ್ಕಪ್ಪ, ಮೂರನೇ ಸೆಮ್‌ನಲ್ಲಿ ಅವಳಿಗೆ ಆಗ್ಲಿಲ್ಲ ಅಂದ್ರೆ?"

"ಅಡ್ಜಸ್ಟ್ ಮಾಡ್ಕೋತಾಳೆ ಬಿಡೋ."

"ಅವಳಲ್ಲ, ನೀವು ಏನ್ ಮಾಡ್ತೀರಿ?"

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಟಿವಿ ಸದ್ದು ಕೇಳ್ತಿತ್ತು. ಆಮೇಲೆ "ತಗೋ, ಅವಳ ಹತ್ರಾನೇ ಮಾತಾಡು" ಅಂತ ಫೋನ್ ದಾಟಿಸಿದರು.

"ಅಣ್ಣಾ, ಲಿಸ್ಟ್ ಆಗ್ಲೇ ಹಾಕ್ಬಿಟ್ಟಿದ್ದಾರೆ" ಅಂದಳು, ಪಿಸುಮಾತಲ್ಲಿ. ಬದಲಾಯಿಸೋಕೆ ಮರುದಿನ ಬೆಳಗ್ಗೆ ಹನ್ನೊಂದರವರೆಗೆ ಟೈಮ್ ಇತ್ತು. ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಕೇಳಿದೆ.